1/(1+ಎಕ್ಸ್²) ಎಲ್ಲೂ ಕೆಡುವುದಿಲ್ಲ, ಅದರ ಟೇಲರ್ ಸರಣಿ ಮಾತ್ರ 1 ದಾಟಿದ ಮೇಲೆ ಯಾಕೆ ಕೆಡುತ್ತದೆ?

ಡಿಗ್ರಿ ಓದುವಾಗ ನನ್ನನ್ನೂ ಕಾಡಿದ ಪ್ರಶ್ನೆ ಇದು. ಎಕ್ಸ್‌ಗೆ ಸಂಖ್ಯಾರೇಖೆಯ ಮೇಲಿನ ಯಾವ ಬೆಲೆ ಕೊಟ್ಟರೂ ಇಲ್ಲಿ ಛೇದ ಸೊನ್ನೆ ಆಗುವುದಿಲ್ಲ. ಆದರೆ 0 ಸುತ್ತ ಬರೆದ ಟೇಲರ್ ಸರಣಿ, ಅಂದರೆ ಅದನ್ನೇ ಎಕ್ಸ್‌ನ ಘಾತಗಳ ಕೊನೆಯಿಲ್ಲದ ಮೊತ್ತವಾಗಿ ಬರೆದ 1 − ಎಕ್ಸ್² + ಎಕ್ಸ್⁴ − ಎಕ್ಸ್⁶..., ಇದರ ಕಥೆ ಬೇರೆ. ಎಕ್ಸ್ = 0.5 ಹಾಕಿದರೆ ನಾಲ್ಕೇ ಪದಕ್ಕೆ 0.796875 ಬರುತ್ತದೆ. ನಿಜವಾದ ಉತ್ತರ 0.8. ಅದೇ ಎಕ್ಸ್ = 2 ಹಾಕಿ: ಮೊತ್ತ 1, −3, 13, −51, 205 ಅಂತ ಹುಚ್ಚೆದ್ದು ಓಡುತ್ತದೆ. ಬರಬೇಕಾಗಿದ್ದು 0.2!

ನಮ್ಮ ಕ್ಲಾಸಿನಲ್ಲಿ ಅನುಪಾತ ಪರೀಕ್ಷೆ (ಒಂದು ಪದಕ್ಕೂ ಮುಂದಿನ ಪದಕ್ಕೂ ಇರುವ ಅನುಪಾತ ನೋಡುವುದು) ಮಾಡಿಸಿ, ಸರಣಿ ಉತ್ತರ ಕೊಡುವ ತ್ರಿಜ್ಯ 1 ಅಂತ ಬರೆಸಿ ಮುಗಿಸಿಬಿಟ್ಟರು. ತ್ರಿಜ್ಯ ಅಂದಮೇಲೆ ವೃತ್ತ ಇರಬೇಕು ಅಲ್ವಾ? ಬರೀ ಗೆರೆಯ ಮೇಲೆ ವೃತ್ತ ಎಲ್ಲಿಂದ ಬಂತು ಅಂತ ಆಗಲೇ ಕೇಳಿದ್ದರೆ ಗುಟ್ಟು ಸಿಗುತ್ತಿತ್ತು.

ಎಕ್ಸ್‌ಗೆ ಸಂಕೀರ್ಣ ಸಂಖ್ಯೆಗಳನ್ನೂ ಹಾಕಿ ನೋಡಿ; ಇವು ಬರೀ ಗೆರೆಯ ಮೇಲಲ್ಲ, ಇಡೀ ಸಮತಲದ ಮೇಲೆ ಹರಡಿರುವ ಸಂಖ್ಯೆಗಳು. −1ರ ವರ್ಗಮೂಲ 'ಐ' ಹಾಕಿದರೆ ಛೇದ 1 − 1 = 0. ಅಲ್ಲೊಂದು ಗುಂಡಿ. 'ಮೈನಸ್ ಐ' ಹತ್ತಿರ ಇನ್ನೊಂದು. ಎರಡೂ 0ಯಿಂದ ಸರಿಯಾಗಿ 1 ದೂರದಲ್ಲಿವೆ.

ಇಂಥ ಸರಣಿ ಕೇಂದ್ರದಿಂದ 2 ದೂರದ ಒಂದೇ ಒಂದು ಬಿಂದುವಿನಲ್ಲಿ ಉತ್ತರ ಕೊಟ್ಟರೂ ಸಾಕು, ಅದಕ್ಕಿಂತ ಹತ್ತಿರ ಇರುವ ಕಡೆಯೆಲ್ಲ, ಯಾವ ದಿಕ್ಕಾದರೂ ಸರಿ, ಕೊಡಲೇಬೇಕು. ಹತ್ತಿರ ಬಂದಷ್ಟೂ ಪದಗಳು ಗುಣೋತ್ತರ ಶ್ರೇಢಿಯ ಹಾಗೆ ಬೇಗ ಸಣ್ಣಗಾಗುತ್ತವೆ, ಅದಕ್ಕೆ. ಹಾಗಾದರೆ ಎಕ್ಸ್ = 2ರಲ್ಲಿ ಸರಣಿ ಉತ್ತರ ಕೊಟ್ಟರೆ 'ಐ'ಯಲ್ಲೂ ಕೊಡಬೇಕು. ಅಲ್ಲಿ ಗುಂಡಿ ಇದೆಯಲ್ಲ, ಆಗುವ ಮಾತಲ್ಲ. ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ: ಹತ್ತಿರದ ಗುಂಡಿಗೆ ಬೀಳದಷ್ಟು ಉದ್ದದ ಹಗ್ಗ ಬಿಟ್ಟರೆ, ಗುಂಡಿಯೇ ಇಲ್ಲದ ಕಡೆಗೂ ಅಷ್ಟೇ ದೂರ ಮೇಯಬೇಕು.

ಗೂಟ ಕಿತ್ತು 1ರಲ್ಲಿ ಹೊಡೆಯಿರಿ, ಅಂದರೆ ಸರಣಿಯನ್ನು 1ರ ಸುತ್ತ ಬರೆಯಿರಿ. ಈಗ ಗುಂಡಿಗಳು √2, ಅಂದರೆ ಸುಮಾರು 1.414 ದೂರ. ವೃತ್ತ 2.414ರವರೆಗೂ ಚಾಚುತ್ತದೆ. ಹೊಸ ಸರಣಿಗೆ ಎಕ್ಸ್ = 2 ಹಾಕಿದರೆ 0.2 ಬಂದೇ ಬರುತ್ತದೆ.

ಇನ್ನೊಂದು ಮಾತು. ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವರ ಹೆಸರಿನಲ್ಲಿರುವ ಪೈ ಸರಣಿ, 4 × (1 − 1/3 + 1/5 − ...), ಇದೇ ಮನೆತನದ್ದು. ನಮ್ಮ ಸರಣಿಯನ್ನು ಪದಪದವಾಗಿ ಅನುಕಲಿಸಿದರೆ (ಇಂಟಿಗ್ರೇಟ್ ಮಾಡಿದರೆ) ಆರ್ಕ್‌ಟ್ಯಾನ್ ಸರಣಿ ಬರುತ್ತದೆ; ಅದಕ್ಕೆ ಎಕ್ಸ್ = 1 ಹಾಕಿ 4ರಿಂದ ಗುಣಿಸಿದರೆ ಸಿಗುವುದು ಅದೇ, ಅಂದರೆ ಸರಿಯಾಗಿ ವೃತ್ತದ ಅಂಚಿನ ಮೇಲೆ. ಅಂಚಿನಲ್ಲಿ ಅದು ತೆವಳುತ್ತದೆ: 100 ಪದ ಕೂಡಿಸಿದರೂ 3.1316. ಎಕ್ಸ್ = 1/√3 ಹಾಕಿ ಒಳಗೆ ಬಂದು 6ರಿಂದ ಗುಣಿಸಿದರೆ, ಅದನ್ನೂ ಮಾಧವರದ್ದೇ ಅನ್ನುತ್ತಾರೆ, 10 ಪದಕ್ಕೇ 3.14159.