ಪ್ರತಿ ಸಲವೂ ಹಾರಿಸಿಬಿಡುತ್ತಿದ್ದ ಆ ಒಂದು ನಿಮಿಷ

‘ಮರೀಲಿ ಅಂತ ನಿಮ್ಮ ಹತ್ರ ಕಳಿಸಿದ್ರೆ, ನೀವು ಗಾಯ ಕೆದಕ್ತಿದ್ದೀರಲ್ಲ!’

ಮಾನಸಿಕ ಆಘಾತದ ಚಿಕಿತ್ಸೆಗೆಂದು ನನ್ನ ಹತ್ತಿರ ಬರುತ್ತಿದ್ದ ಒಬ್ಬರ ಅಕ್ಕ ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಇದೇ ಮಾತನ್ನು ಎಷ್ಟೋ ಮನೆಯವರಿಂದ ಕೇಳಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರ ತಮ್ಮನಿಗೆ ಮೂವತ್ತರ ಆಸುಪಾಸು. ಎರಡು ವರ್ಷದ ಹಿಂದೆ ಅವರು ಓಡಿಸುತ್ತಿದ್ದ ಬೈಕಿಗೆ ಲಾರಿ ತಾಗಿ, ಹಿಂದೆ ಕೂತಿದ್ದ ಗೆಳೆಯ ತೀರಿಕೊಂಡರು. ಅಂದಿನಿಂದ ಬೈಕ್ ಮುಟ್ಟಿರಲಿಲ್ಲ. ಹಾರ್ನ್ ಕೇಳಿದರೆ ಎದೆ ಡವಡವ, ರಾತ್ರಿ ಕೆಟ್ಟ ಕನಸು. ಗೆಳೆಯನ ಮನೆಯ ಬೀದಿಗೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಆ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಎಲ್ಲಿಗೆ ಹೊರಟರೂ ಅಕ್ಕ ಜೊತೆಗೆ. ಎಲ್ಲ ಪ್ರೀತಿಯಿಂದಲೇ. ಆದರೆ ಆ ಕಾಳಜಿಯೇ ಭಯಕ್ಕೆ ನೀರೆರೆಯುತ್ತಿತ್ತು. ತಪ್ಪಿಸಿಕೊಂಡಾಗಲೆಲ್ಲ ಒಂದು ಕ್ಷಣ ಹಾಯೆನಿಸುತ್ತದೆ. ‘ತಪ್ಪಿಸಿಕೊಂಡಿದ್ದಕ್ಕೇ ಬಚಾವಾದೆ’ ಎಂದು ಮನಸ್ಸು ನಂಬಿಬಿಡುತ್ತದೆ.

ನಾನು ಆರಿಸಿಕೊಂಡಿದ್ದು ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಎನ್ನುವ ಚಿಕಿತ್ಸೆ, ಅಂದರೆ ತಪ್ಪಿಸಿಕೊಳ್ಳುತ್ತಿದ್ದುದನ್ನು ಮತ್ತೆ ಮತ್ತೆ ಎದುರಿಸುವುದು. ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಅತ್ಯಾಚಾರಕ್ಕೆ ಒಳಗಾದ ಮಹಿಳೆಯರಿಗೆ ಇದು ನೆರವಾಗುತ್ತದೆ ಎಂದು 1991ರ ಅಧ್ಯಯನದಲ್ಲಿ ತೋರಿಸಿದರು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ 90 ನಿಮಿಷದವರೆಗೆ. ಕಣ್ಣು ಮುಚ್ಚಿ, ಆ ಘಟನೆ ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಆಗಾಗ ಸಂಕಟವನ್ನು 0ಯಿಂದ 100ರ ಒಳಗೆ ಅಳೆದು ಹೇಳಬೇಕು. ಅದರ ರೆಕಾರ್ಡಿಂಗನ್ನು ಮನೆಯಲ್ಲಿ ದಿನಾ ಕೇಳಬೇಕು. ದೂರ ಇಟ್ಟ ಜಾಗ, ಕೆಲಸಗಳ ಪಟ್ಟಿ ಮಾಡಿ, ಒಂದೊಂದಾಗಿ ಎದುರಿಸಬೇಕು.

ಮೊದಲೆರಡು ಸಲ ಹೇಳಿದಾಗಲೂ ಅವರು ಒಂದು ಕಡೆ ಜಾರಿಕೊಂಡರು. ‘ದಡ್ ಅಂತ ಸದ್ದು. ನಾನು ಏಳ್ತಿದ್ದೀನಿ. ಆಮೇಲೆ ಜನ ಬಂದರು.’ ‘ಬರ್ತಿದ್ದಾರೆ’ ಅಲ್ಲ, ‘ಬಂದರು’. ಅಲ್ಲಿಗೆ ಬರುವಾಗ ಕ್ರಿಯಾಪದವೇ ಹಿಂದಕ್ಕೆ ಸರಿಯುತ್ತಿತ್ತು.

ಮೂರನೇ ಸಲ ಅಲ್ಲೇ ನಿಲ್ಲಿಸಿ ಕೇಳಿದೆ. ‘ಎದ್ದಿದ್ದೀರಿ. ಜನ ಇನ್ನೂ ಬಂದಿಲ್ಲ. ಏನು ಕಾಣ್ತಿದೆ?’

ತುಂಬ ಹೊತ್ತು ಮಾತಿಲ್ಲ. ಬೆರಳುಗಳು ಪ್ಯಾಂಟಿನ ಹೊಲಿಗೆಯನ್ನು ಕೀಳುತ್ತಿದ್ದವು.

‘ಬೂಟು.’

‘ಯಾರದು?’

‘ಅವನದು. ರಸ್ತೆ ಮಧ್ಯೆ ಬಿದ್ದಿದೆ. ನಾನು ಬೂಟಿನ ಕಡೆ ಹೋಗ್ತಿದ್ದೀನಿ... ಅವನ ಕಡೆ ಹೋಗ್ತಿಲ್ಲ.’

ಸಂಕಟ ಎಷ್ಟು ಎಂದು ಕೇಳಿದೆ. ‘95.’ ‘ನಾನಿದ್ದೀನಿ, ಮುಂದುವರಿಸಿ’ ಎಂದೆ. ‘ಗೆಳೆಯ ಸಾಯುತ್ತಿದ್ದಾಗ ಬೂಟು ಹೆಕ್ಕಲು ಹೋದ ಕಟುಕ ನಾನು.’ ಎರಡು ವರ್ಷ ಅವರು ಯಾರಿಗೂ ಹೇಳದೆ ಹೊತ್ತಿದ್ದು ಇದನ್ನೇ.

ಅವತ್ತೇ ಅದೊಂದು ಭಾಗವನ್ನು ಇನ್ನೂ ನಾಲ್ಕು ಸಲ ಹೇಳಿಸಿದೆ. ಕೊನೆಯ ಸಲ ತಾವಾಗಿಯೇ ನಿಧಾನ ಮಾಡಿದರು. ‘ಮೂರು ಹೆಜ್ಜೆ. ಬೂಟು ತಗೊಂಡೆ. ಅವನ ಹತ್ರ ಕೂತಿದ್ದೀನಿ. ಕಾಲಿಗೆ ಹಾಕ್ತಿದ್ದೀನಿ, ಹೋಗ್ತಿಲ್ಲ. ಬರೀ ಕಾಲಲ್ಲಿ ಇರಬಾರದು ಅಂತ...’ ಕಣ್ಣು ತೆರೆದು ನನ್ನನ್ನೇ ನೋಡಿದರು. ‘ಮೂರೇ ಹೆಜ್ಜೆ ಅಲ್ವಾ?’

ಅಕ್ಕನ ಫೋನ್ ಬಂದಿದ್ದು ಮಾರನೇ ದಿನ. ತಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅವರ ಸಿಟ್ಟು ನನಗೆ ಅರ್ಥವಾಯಿತು. ಜಾಸ್ತಿ ಒತ್ತಿಬಿಟ್ಟೆನಾ ಎಂದು ನಾನೂ ಯೋಚಿಸಿದ್ದೆ. ಆದರೂ ನಿಲ್ಲಿಸಲಿಲ್ಲ. ತಮ್ಮನ ಒಪ್ಪಿಗೆ ಇಲ್ಲದೆ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಸಂಕಟ ಏರುತ್ತದೆ ಎಂದು ಮೊದಲೇ ಹೇಳಿದ್ದೆ. ಆ ಮೂರು ಹೆಜ್ಜೆಯನ್ನು ನಾನು ಬಾಯಲ್ಲಿ ಹೇಳಿ ಸಮಾಧಾನ ಮಾಡಿದ್ದರೆ ಅವರು ನಂಬುತ್ತಲೇ ಇರಲಿಲ್ಲ. ಹಾರಿಸುತ್ತಿದ್ದ ಜಾಗದಲ್ಲೇ ಅದು ಇತ್ತು. ಅವರೇ ಅಲ್ಲಿಗೆ ಹೋಗಬೇಕಿತ್ತು.

ಒಂದು ಎಚ್ಚರಿಕೆ. ಇದನ್ನು ಓದಿ ಮನೆಯಲ್ಲಿ ಯಾರನ್ನೂ ಕೂರಿಸಿ ಹೇಳಿಸಬೇಡಿ. ಆಘಾತವಾದ ಮೊದಲ ದಿನಗಳಲ್ಲಂತೂ ಬಲವಂತ ಬೇಡವೇ ಬೇಡ. ಹೆಚ್ಚಿನವರು ಕಾಲ ಕಳೆದಂತೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಆದರೂ ಬಿಡದಿದ್ದರೆ ತರಬೇತಿ ಇರುವವರ ಹತ್ತಿರ ಬನ್ನಿ. ಸಾಯುವ ಯೋಚನೆ ಬರುತ್ತಿದ್ದರೆ ತಡ ಮಾಡಬೇಡಿ. ಆಗ ಮೊದಲ ಕೆಲಸ ಜೀವ ಉಳಿಸುವುದು, ಉಳಿದಿದ್ದೆಲ್ಲ ಆಮೇಲೆ.

ಅಕ್ಕನಿಗೆ ಎರಡೇ ಮಾತು ಹೇಳಿದೆ. ತಮ್ಮ ಗೆಳೆಯನ ಹೆಸರನ್ನು ಅವರಾಗಿ ಎತ್ತಿದರೆ ವಿಷಯ ಬದಲಿಸಬೇಡಿ, ಸುಮ್ನೆ ಕೇಳಿ. ಜೊತೆಗೆ ಹೋಗುವುದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮುಂದಿನ ವಾರ ತಮ್ಮನನ್ನು ಬಸ್‌ಸ್ಟಾಪಿನವರೆಗೆ ಮಾತ್ರ ಬಿಟ್ಟರು.

ಪಟ್ಟಿಯ ತುದಿಯಲ್ಲಿದ್ದದ್ದು ಗೆಳೆಯನ ಅಮ್ಮನ ಮನೆ. ಹತ್ತನೇ ಭೇಟಿಯ ಹೊತ್ತಿಗೆ ಅವರು ಅಲ್ಲಿಗೂ ಹೋಗಿ ಬಂದರು. ಆ ತಾಯಿ ಬೈಯಲಿಲ್ಲವಂತೆ. ಒಂದೇ ಒಂದು ಕೇಳಿದರಂತೆ, ಕೊನೆಗೆ ನನ್ನ ಮಗನ ಹತ್ತಿರ ಯಾರಿದ್ದರು ಎಂದು.

‘ನಾನಿದ್ದೆ ಅಮ್ಮಾ ಅಂದೆ’ ಎಂದರು. ‘ಬೂಟಿನ ವಿಷಯನೂ ಹೇಳಿದೆ.’