ರೋಗ ಪತ್ತೆ ಮಾಡುವ ಪ್ರೋಗ್ರಾಂನ ನಿಖರತೆ ಹೆಚ್ಚಿಸಲು ದೊಡ್ಡ ಮಾಡೆಲ್ ಬೇಕಾ?

ಎದೆಯ ಎಕ್ಸ್-ರೇ ನೋಡಿ ನ್ಯುಮೋನಿಯಾ ಗುರುತಿಸುವ ಪ್ರೋಗ್ರಾಂ ಮಾಡಿದ್ದೀರಿ. ನಿಮ್ಮ ಟೆಸ್ಟ್‌ನಲ್ಲಿ 95% ಸರಿ ಬರುತ್ತಿದೆ, ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟರೆ ಎಡವುತ್ತಿದೆ. ಇನ್ನೂ ದೊಡ್ಡ ಮಾಡೆಲ್ (ಚಿತ್ರಗಳಿಂದ ಕಲಿತು ಉತ್ತರ ಹೇಳುವ ಭಾಗ) ಹಾಕಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ನಾನೂ ಇದೇ ಕೆಲಸದಲ್ಲಿರುವವನು. ಮಾಡೆಲ್ ಏನು ನೋಡಿ ಉತ್ತರ ಹೇಳುತ್ತಿದೆ ಅಂತ ಗೊತ್ತಾಗುವ ತನಕ ಅದನ್ನು ದೊಡ್ಡದು ಮಾಡಿ ಪ್ರಯೋಜನವಿಲ್ಲ.

ಮೊದಲು ಡೇಟಾವನ್ನು, ಅಂದರೆ ಚಿತ್ರಗಳನ್ನು, ಮಾಡೆಲ್ ಕಲಿಕೆಗೆ ಮತ್ತು ಪರೀಕ್ಷೆಗೆ ಅಂತ ಹೇಗೆ ಹಂಚಿದ್ದೀರಿ ನೋಡಿ. ಒಬ್ಬ ರೋಗಿಗೆ ಹಲವು ಎಕ್ಸ್-ರೇ ಇರಬಹುದು. ಚಿತ್ರಗಳನ್ನು ಸುಮ್ನೆ ಕಲಸಿ ಹಂಚಿದರೆ ಅದೇ ರೋಗಿ ಕಲಿಕೆಯಲ್ಲೂ ಬರುತ್ತಾನೆ, ಪರೀಕ್ಷೆಯಲ್ಲೂ ಬರುತ್ತಾನೆ. ಆಗ ಮಾಡೆಲ್ ರೋಗದ ಬದಲು ರೋಗಿಯನ್ನೇ ಗುರುತಿಸಿ ಸರಿ ಉತ್ತರ ಹೇಳಬಹುದು. ರೋಗಿವಾರು ಹಂಚಿ ಮತ್ತೆ ಅಳೆಯಿರಿ. ಅಂಕಿ ಇಳಿದರೆ ಬೇಜಾರಾಗಬೇಡಿ, ನಿಜವಾದ ಅಂಕಿ ಅದೇ.

ನನಗೆ ಜಾಸ್ತಿ ಅನುಮಾನ ಇರುವುದು ಇನ್ನೊಂದರ ಮೇಲೆ. ನ್ಯುಮೋನಿಯಾ ಬಗ್ಗೆಯೇ 2018ರಲ್ಲಿ ಒಂದು ಅಧ್ಯಯನ ಬಂತು. ಚಿತ್ರ ಯಾವ ಆಸ್ಪತ್ರೆಯದು ಅನ್ನುವುದನ್ನು ಮಾಡೆಲ್ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಇರುವವರು ಜಾಸ್ತಿ, ಇನ್ನೊಂದರಲ್ಲಿ ತೀರಾ ಕಡಿಮೆ. ಆಸ್ಪತ್ರೆ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆಯೇ ಅಲ್ವಾ? ಚಿತ್ರದ ಮೂಲೆಯಲ್ಲಿರುವ ಗುರುತು, ಹಾಸಿಗೆಯ ಹತ್ತಿರ ತಂದು ತೆಗೆಯುವ ಪೋರ್ಟಬಲ್ ಯಂತ್ರದ ಛಾಯೆ, ಇವೆಲ್ಲ ಸುಳಿವಾಗುತ್ತವೆ. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ನ್ಯುಮೋಥೊರಾಕ್ಸ್‌ನಲ್ಲೂ ಹೀಗೇ ಆಗಿದೆ. ರೋಗವಿದ್ದ ಎಷ್ಟೋ ಚಿತ್ರಗಳಲ್ಲಿ ಚಿಕಿತ್ಸೆಯ ಟ್ಯೂಬ್ ಆಗಲೇ ಕಾಣುತ್ತಿತ್ತು. ಟ್ಯೂಬ್ ಇಲ್ಲದ ರೋಗಿಗಳಲ್ಲಿ ಮಾಡೆಲ್ ಸೋತಿತು. ಇನ್ನೂ ಚಿಕಿತ್ಸೆ ಸಿಗದೆ, ನಮ್ಮ ಸಹಾಯ ನಿಜವಾಗಿ ಬೇಕಿದ್ದವರು ಅವರೇ! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಚಿತ್ರದಲ್ಲಿ ಶ್ವಾಸಕೋಶದ ಭಾಗವನ್ನು ಮುಚ್ಚಿ ಮಾಡೆಲ್‌ಗೆ ಕೊಡಿ. ಆಗಲೂ ಉತ್ತರ ಚೆನ್ನಾಗಿ ಬರುತ್ತಿದ್ದರೆ ಅದು ರೋಗ ನೋಡುತ್ತಿಲ್ಲ.

ಲೇಬಲ್‌ಗಳನ್ನೂ, ಅಂದರೆ ಪ್ರತಿ ಚಿತ್ರಕ್ಕೆ ಹಚ್ಚಿದ "ರೋಗವಿದೆ", "ಇಲ್ಲ" ಅನ್ನುವ ಗುರುತನ್ನೂ, ಪರೀಕ್ಷಿಸದೆ ಬಿಡಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2017ರಲ್ಲಿ ಬಿಡುಗಡೆ ಮಾಡಿದ 1 ಲಕ್ಷಕ್ಕೂ ಹೆಚ್ಚು ಎಕ್ಸ್-ರೇಗಳ ಲೇಬಲ್‌ಗಳನ್ನು ವೈದ್ಯರು ಚಿತ್ರ ನೋಡಿ ಹಾಕಿದ್ದಲ್ಲ. ವರದಿಗಳಿಂದ ಸಾಫ್ಟ್‌ವೇರ್ ಹೆಕ್ಕಿದ್ದು. ಅದರಲ್ಲಿ ತಪ್ಪುಗಳಿವೆ. ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ಹಾನಿ ಗುರುತಿಸುವ 2016ರ ಹೆಸರಾಂತ ಗೂಗಲ್ ಅಧ್ಯಯನದಲ್ಲಿ ಕಲಿಕೆಯ ಪ್ರತಿ ಚಿತ್ರವನ್ನೂ 3ರಿಂದ 7 ಸಲ ತಜ್ಞರಿಂದ ನೋಡಿಸಿದ್ದರು. ಅಷ್ಟು ನಿಮ್ಮಿಂದ ಆಗದಿದ್ದರೆ ಪರೀಕ್ಷೆಯ ಚಿತ್ರಗಳನ್ನಾದರೂ ಇಬ್ಬರು ರೇಡಿಯಾಲಜಿಸ್ಟ್‌ಗಳಿಗೆ (ಎಕ್ಸ್-ರೇ ಓದುವ ತಜ್ಞ ವೈದ್ಯರಿಗೆ) ಬೇರೆ ಬೇರೆಯಾಗಿ ತೋರಿಸಿ. ಅವರಿಬ್ಬರೇ ಒಪ್ಪದ ಚಿತ್ರದಲ್ಲಿ ಮಾಡೆಲ್ ತಪ್ಪಿತು ಅನ್ನುವುದು ನ್ಯಾಯವಲ್ಲ.

ಇನ್ನು ಆ 95%. ನೂರರಲ್ಲಿ 5 ಮಂದಿಗೆ ಮಾತ್ರ ರೋಗವಿದ್ದರೆ, ಎಲ್ಲರಿಗೂ "ರೋಗವಿಲ್ಲ" ಅನ್ನುವ ಪ್ರೋಗ್ರಾಂ ಕೂಡ 95% ಸರಿ. ಅದಕ್ಕೇ ರೋಗವಿದ್ದವರಲ್ಲಿ ಎಷ್ಟು ಜನ ಸಿಕ್ಕಿದರು, ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು ಅಂತ ಬೇರೆ ಬೇರೆ ಲೆಕ್ಕ ಇಡಿ. ಎರಡೂ 90% ಇದ್ದರೂ ಸಾಲದಿರಬಹುದು. ಸಾವಿರ ಜನರಲ್ಲಿ 10 ರೋಗಿಗಳಿದ್ದರೆ 9 ಜನ ಸಿಗುತ್ತಾರೆ. ಜೊತೆಗೆ ಆರೋಗ್ಯವಂತ 99 ಜನರಿಗೂ ರೋಗವಿದೆ ಅಂತ ಬರುತ್ತದೆ.

ಇಷ್ಟಾದ ಮೇಲೆ ತಪ್ಪಾದ ಚಿತ್ರಗಳನ್ನೆಲ್ಲ ಒಟ್ಟುಮಾಡಿ, ಒಬ್ಬ ರೇಡಿಯಾಲಜಿಸ್ಟ್ ಜೊತೆ ಒಂದೊಂದಾಗಿ ನೋಡಿ. ಮಕ್ಕಳ ಚಿತ್ರಗಳೇ ತಪ್ಪುತ್ತಿವೆಯಾ? ಮಲಗಿಸಿ ತೆಗೆದವೇ? ಕೊರತೆ ಎಲ್ಲಿದೆ ಅಂತ ಕಂಡ ಮೇಲೆ ಅದೇ ಬಗೆಯ ಚಿತ್ರಗಳನ್ನು ಎರಡು ಮೂರು ಆಸ್ಪತ್ರೆಗಳಿಂದ ಸೇರಿಸಿ. ಒಂದು ಆಸ್ಪತ್ರೆಯ ಡೇಟಾವನ್ನು ಮಾತ್ರ ಕಲಿಕೆಗೆ ಮುಟ್ಟಿಸದೆ, ಕೊನೆಯ ಪರೀಕ್ಷೆಗೆ ಅಂತ ಎತ್ತಿಡಿ.