ಹಿಂದಿನ ಸೀಟಿನಲ್ಲಿ ಕೂರುವವರು

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: "ನಮ್ಮ ಯಜಮಾನರ ಗೆಳೆಯರೊಬ್ಬರು ಮಿನಿಕ್ಯಾಬ್ ಓಡಿಸಲು ಲೈಸೆನ್ಸ್ ಕೇಳಿದ್ದರು. ಹರೆಯದಲ್ಲಿ ಪಬ್ಬಿನಲ್ಲಿ ಹೊಡೆದಾಡಿ ಜೈಲಿಗೆ ಹೋಗಿ ಬಂದವರು. ಶಿಕ್ಷೆ ಮುಗಿದು ಎಂಟು ವರ್ಷವಾಯಿತು. ಆಮೇಲೆ ಒಂದು ತಂಟೆಯಿಲ್ಲ. ಹಳೇ ಕಥೆ ಯಾಕೆ ಅಂತ ಅರ್ಜಿಯಲ್ಲಿ ಬರೆಯಲಿಲ್ಲ. ಲೈಸೆನ್ಸ್ ಕೊಡುವ ಇಲ್ಲಿನ ಕೌನ್ಸಿಲ್‌ನವರು (ಸ್ಥಳೀಯ ಆಡಳಿತ) ಕೊಡಲ್ಲ ಅಂದುಬಿಟ್ಟರು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಒಂದು ತಪ್ಪಿಗೆ ಎರಡು ಸಲ ಶಿಕ್ಷೆಯೇ?"

ಮೇಡಂ, ನೀವು ರಜಕ್ಕೆ ಊರಿಗೆ ಹೊರಡುವ ದಿನ ನೆನಪಿಸಿಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಕ್ಯಾಬ್ ಬರುತ್ತದೆ. ಡ್ರೈವರ್ ನಾಲ್ಕು ಸೂಟ್‌ಕೇಸ್ ಡಿಕ್ಕಿಗೆ ಹಾಕುತ್ತಾ "ಎಷ್ಟು ದಿನ ರಜಾ?" ಅಂತಾನೆ. ನೀವು "ನಾಲ್ಕು ವಾರ" ಅಂತೀರಿ. ಮನೆ ಖಾಲಿ ಅಂತ ಈಗ ಅವನಿಗೂ ಗೊತ್ತು. ಕಳ್ಳತನ, ಮೋಸದ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ 7 ವರ್ಷ ಕಾಯಬೇಕು ಅಂತ ಅಲ್ಲಿನ ಮಾರ್ಗಸೂಚಿ ಹೇಳುವುದು ಸುಮ್ನೆ ಅಲ್ಲ.

ಅದು 2020ರ ಜುಲೈನಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ಹೊರಡಿಸಿದ ಮಾರ್ಗಸೂಚಿ. ಹೊಡೆದಾಟಕ್ಕೆ ಶಿಕ್ಷೆ ಮುಗಿದ ಮೇಲೆ 10 ವರ್ಷ. ಲೈಂಗಿಕ ಅಪರಾಧಕ್ಕೆ, ಸಾವಿಗೆ ಕಾರಣವಾದ ಅಪರಾಧಕ್ಕೆ ಲೈಸೆನ್ಸ್ ಇಲ್ಲವೇ ಇಲ್ಲ. ಇಷ್ಟು ಬಿಗಿ ಯಾಕೆ ಅಂದರೆ ರಾದರಂ ಊರು ನೋಡಿ. ಅಲ್ಲಿ 1997ರಿಂದ 2013ರವರೆಗೆ ಸುಮಾರು 1,400 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ 2014ರ ವರದಿ ಅಂದಾಜು ಮಾಡಿತು. ಅದರಲ್ಲಿ ಕೆಲವು ಟ್ಯಾಕ್ಸಿ ಡ್ರೈವರುಗಳ ಪಾತ್ರವೂ ಬಯಲಾಯಿತು. ಮರುವರ್ಷ, ಸರ್ಕಾರ ತನಿಖೆಗೆ ಕಳಿಸಿದ ಲೂಯಿಸ್ ಕೇಸಿಯವರ ವರದಿ, ಟ್ಯಾಕ್ಸಿ ಲೈಸೆನ್ಸ್ ಕೊಡುವ ವಿಚಾರದಲ್ಲೂ ಕೌನ್ಸಿಲ್ ಸೋತಿದೆ ಅಂತ ಬಿಡಿಸಿ ಹೇಳಿತು.

ಟ್ಯಾಕ್ಸಿ ಲೈಸೆನ್ಸಿಗೆ ಸಂಬಂಧಿಸಿದ 1976ರ ಕಾನೂನು ಕೇಳುವುದು ಒಂದೇ: ಈ ಮನುಷ್ಯ ಆ ಕೆಲಸಕ್ಕೆ ತಕ್ಕವನೇ? ಮಾರ್ಗಸೂಚಿ ಅದನ್ನೇ ಮನೆಮಾತಿಗೆ ಇಳಿಸಿದೆ. ನಿಮಗೆ ಬೇಕಾದವರನ್ನು, ಅವರು ಯಾವ ಸ್ಥಿತಿಯಲ್ಲೇ ಇರಲಿ, ಹಗಲೋ ರಾತ್ರಿಯೋ ಒಬ್ಬರನ್ನೇ ಇವನ ಗಾಡಿಯಲ್ಲಿ ಕಳಿಸ್ತೀರಾ? "ಹೂಂ, ಉಹೂಂ" ಅಂತ ಮನಸ್ಸು ಸಮಸಮ ತೂಗಿದರೂ ಲೈಸೆನ್ಸ್ ಕೊಡಬಾರದು. ಅನುಮಾನದ ಲಾಭ ಕೋರ್ಟಿನಲ್ಲಿ ಆರೋಪಿಗೆ ಸಿಗುತ್ತದೆ. ಇಲ್ಲಿ ಅದು ಪ್ರಯಾಣಿಕರದು. ಮಕ್ಕಳ ಹೊಟ್ಟೆಪಾಡನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳಲು ಕಠಿಣ, ಆದರೆ ಹಿಂದೆ ಕೂತವರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ ಅಲ್ವಾ?

ಆದರೂ ಎಂಟು ವರ್ಷ ಒಳ್ಳೆಯವರಾಗಿದ್ದವರನ್ನು ಬರೀ ಕ್ಯಾಲೆಂಡರ್ ನೋಡಿ ವಾಪಸ್ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. 10 ವರ್ಷ ತುಂಬುವ ಹಿಂದಿನ ದಿನ ಅಪಾಯಕಾರಿ, ಮರುದಿನ ಸಂಭಾವಿತ ಅನ್ನುವುದು ತಮಾಷೆ. ಪ್ರತಿ ಅರ್ಜಿಯನ್ನೂ ಅದರದೇ ಯೋಗ್ಯತೆಯ ಮೇಲೆ ತೂಗಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ಅವರು ಆ ವಾದ ಹೂಡಬಹುದಿತ್ತು.

ಅದಕ್ಕೆ ಕಲ್ಲು ಹಾಕಿಕೊಂಡವರು ಅವರೇ. ನೀವು ಒಂದೇ ಸಾಲಿನಲ್ಲಿ ದಾಟಿಸಿದ ಮಾತು ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿತು: ಅರ್ಜಿಯಲ್ಲಿ ಬರೆಯಲಿಲ್ಲ. ಇಂಗ್ಲೆಂಡಿನಲ್ಲಿ ಎಷ್ಟೋ ಕೆಲಸಗಳಿಗೆ ಇಂತಿಷ್ಟು ವರ್ಷ ಕಳೆದ ಶಿಕ್ಷೆಯನ್ನು ಹೇಳಬೇಕಿಲ್ಲ, ನಿಜ. ಟ್ಯಾಕ್ಸಿಗೆ ಆ ರಿಯಾಯಿತಿ ಇಲ್ಲ. ಪೊಲೀಸ್ ದಾಖಲೆಯ ಪರಿಶೀಲನೆಯಲ್ಲಿ ಹಳೇದೂ ಹೊರಬರುತ್ತದೆ. ಹರೆಯದ ಹೊಡೆದಾಟವನ್ನು ಯಾರಾದರೂ ಮರೆತಾರು. ಮೊನ್ನೆ ಮೊನ್ನೆ ಮುಚ್ಚಿಟ್ಟಿದ್ದು ಹೊಸ ತಪ್ಪು.

ಪಕ್ಕದ ಕೌನ್ಸಿಲ್‌ನಲ್ಲಿ ಅರ್ಜಿ ಹಾಕಿದರೆ ಹೇಗೆ ಅಂತ ಕೇಳಿದ್ದೀರಿ. ಬೇಡ. ಸುರಕ್ಷತೆಯ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಿದರೆ ಅದು 2022ರ ಕಾಯಿದೆಯ ಪ್ರಕಾರ ಎಲ್ಲ ಕೌನ್ಸಿಲ್‌ಗಳೂ ನೋಡುವ ಒಂದೇ ಪಟ್ಟಿಗೆ ಸೇರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಹಾಕಲು 21 ದಿನ ಗಡುವು. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಮುಗಿದಿರುತ್ತದೆ ಅಂತ ಇಷ್ಟನ್ನು ಹೋದ ವಾರವೇ ನಿಮಗೆ ಮೇಲ್ ಮಾಡಿದ್ದೆ. ವಕೀಲರ ಹತ್ತಿರ ಹೋಗುವಾಗ ಆ ಅರ್ಜಿಯ ಪ್ರತಿಯನ್ನೂ ತೆಗೆದುಕೊಂಡು ಹೋಗಲು ಹೇಳಿ.